ತನ್ನನ್ನು ತಾನೇ ಓದಿಕೊಂಡ ಕಂಪೈಲರ್

ಮನುಷ್ಯನು ಸಿ ಭಾಷೆಯಲ್ಲಿ ಬರೆದುದು ಯಂತ್ರಕ್ಕೆ ನೇರವಾಗಿ ತಿಳಿಯದು. ನಡುವೆ ಕಂಪೈಲರ್ ಎಂಬ ಅನುವಾದಕ ಬೇಕು. ಅದರ ಮುಂಭಾಗದ ಕೆಲಸ ನಮ್ಮ ವ್ಯಾಕರಣ ಪಂಡಿತರದೇ: ಅಕ್ಷರಗಳನ್ನು ಪದಗಳಾಗಿ ಬಿಡಿಸಿ, ವಾಕ್ಯರಚನೆಯನ್ನು ನೋಡಿ, ಅರ್ಥ ಹೊಂದುವುದೇ ಎಂದು ಪರೀಕ್ಷಿಸುವುದು. ಅಮೆರಿಕದ ಆಪಲ್ ಸಂಸ್ಥೆಯಲ್ಲಿ ಕ್ರಿಸ್ ಲ್ಯಾಟ್ನರ್ ಮೊದಲಾದವರು ಆರಂಭಿಸಿದ ‘ಕ್ಲ್ಯಾಂಗ್’ ಇಂಥದೊಂದು ಮುಂಭಾಗ.

2007ರಲ್ಲಿ ಅದರ ಮೂಲಬರಹವನ್ನು ಸರ್ವರಿಗೂ ತೆರೆದಿಟ್ಟಾಗ ಅದಿನ್ನೂ ಅಪೂರ್ಣವಾಗಿತ್ತೆಂಬುದೇ ಸ್ವಾರಸ್ಯ. ಸಿ ಭಾಷೆಯನ್ನು ಓದಬಲ್ಲುದಾಗಿತ್ತು. ಯಂತ್ರಕ್ಕೆ ಒಪ್ಪಿಸುವ ಭಾಗ ಎಳೆಯದು. ಸಿ++ ಅಂತೂ ಬಹು ದೂರ. 2009ಕ್ಕೆ ಸಿ ಕೈಗೂಡಿತು. ಸಿ++ ಅನ್ನು ತುಣುಕು ತುಣುಕಾಗಿ ಕಟ್ಟಿದರು. ಪ್ರತಿ ತುಣುಕಿಗೂ ಪುಟ್ಟ ಪರೀಕ್ಷೆ. ಹೊಸದು ಸೇರಿದಾಗ ಹಳೆಯ ಪರೀಕ್ಷೆಗಳೂ ಮತ್ತೆ ನಡೆಯಬೇಕು. (ತೇರ್ಗಡೆಯಾದ ವಿಷಯವನ್ನು ಮತ್ತೆ ಬರೆಯುವ ಕಷ್ಟ ಸದ್ಯ ನಮಗಿಲ್ಲ!) ಕ್ಲ್ಯಾಂಗನ್ನು ಬರೆದಿರುವುದೂ ಸಿ++ನಲ್ಲಿಯೇ, 2010ರ ಫೆಬ್ರವರಿಯಲ್ಲಿ ಅದು ತನ್ನನ್ನು ತಾನೇ ಅನುವಾದಿಸಿಕೊಂಡಿತು.

ನನಗೆ ಹಿಡಿಸಿದುದು ಬೇರೆ. ತಪ್ಪು ಕಂಡರೆ ಅದು ಆ ಸಾಲನ್ನೇ ಎತ್ತಿ ಬರೆದು, ತಪ್ಪಿದೆಡೆಯ ಕೆಳಗೆ ಗುರುತು ಹಾಕುತ್ತದೆ. ಸೆಮಿಕೋಲನ್ ಬಿಟ್ಟಿದ್ದರೆ ಎಲ್ಲಿ ಬೇಕೆಂದು ಸೂಚಿಸುತ್ತದೆ. ನಮ್ಮ ಮನೆಯಲ್ಲಿ ನನ್ನ ಬರಹವನ್ನು ಓದಿ ತಿದ್ದಬಲ್ಲವರಿರಲಿಲ್ಲ. ಉತ್ತರಪತ್ರಿಕೆಯ ಮೇಲಿನ ಕೆಂಪುಗೀರನ್ನು ನೋಡಿ, ತಪ್ಪಿದ್ದು ಎಲ್ಲೆಂದು ರಾತ್ರಿಯೆಲ್ಲ ಹುಡುಕಿದ್ದುಂಟು. ಆ ಪುಟ್ಟ ಗುರುತನ್ನು ಮೊದಲು ಕಂಡ ದಿನ, ಕಂಪ್ಯೂಟರ್ ಕೊಠಡಿಗೆ ಬೀಗ ಹಾಕುವವರು ಬಂದು ಕರೆಯುವವರೆಗೂ ನಾನು ಏಳಲಿಲ್ಲ.