ನಿಮಗಿದು ಗೊತ್ತೇ? ಬೆಜವಾಡದ ಮುರಳಿ, ನಾಲ್ಕೇ ಸ್ವರದ ರಾಗ

‘ಹಂಸಗೀತೆ’ ಎಂದ ಕೂಡಲೇ ನಮಗೆ ನೆನಪಾಗುವವರು ಜಿ.ವಿ. ಅಯ್ಯರ್, ತ.ರಾ.ಸು., ತರುಣ ಅನಂತನಾಗ್. ಆದರೆ ಕಾದಂಬರಿಯ ಭೈರವಿ ವೆಂಕಟಸುಬ್ಬಯ್ಯನಿಗೆ ತೆರೆಯ ಮೇಲೆ ಕಂಠ ಕೊಟ್ಟವರು ಕೃಷ್ಣಾ ತೀರದ ವಿಜಯವಾಡದಲ್ಲಿ, ಅಂದರೆ ಹಳೆಯ ಬೆಜವಾಡದಲ್ಲಿ, ಪಾಠ ಹೇಳಿಸಿಕೊಂಡ ಮಂಗಳಂಪಲ್ಲಿ ಬಾಲಮುರಳಿಕೃಷ್ಣ. 1975ರ ಆ ಚಿತ್ರ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ತಂದಿತು. 1986ರ ‘ಮಧ್ವಾಚಾರ್ಯ’ ಶ್ರೇಷ್ಠ ಸಂಗೀತ ನಿರ್ದೇಶಕ ಪ್ರಶಸ್ತಿ ತಂದಿತು. ತೆಲುಗರ ಮನೆಮಗನಿಗೆ ಸಿನಿಮಾದ ಎರಡು ರಾಷ್ಟ್ರಪ್ರಶಸ್ತಿ, ಎರಡೂ ಕನ್ನಡದಿಂದ!

ಗಾಯಕ ಬಾಲಮುರಳಿ ನಮಗೆ ಗೊತ್ತು. ವಾಗ್ಗೇಯಕಾರ ಬಾಲಮುರಳಿ? ತೆಲುಗು, ಸಂಸ್ಕೃತ, ತಮಿಳಿನಲ್ಲಿ ಅವರು ಕಟ್ಟಿದ ರಚನೆಗಳು ನಾನೂರಕ್ಕೂ ಹೆಚ್ಚು. ಅಂಕಿತ ‘ಮುರಳಿ’. ಈ ಸಲದ ಅಂಕಣ ಅವುಗಳ ಪಾಲಿಗೆ.

ಹೆಸರಿನಲ್ಲಿರುವ ‘ಬಾಲ’ ಹುಟ್ಟಿನಿಂದ ಬಂದದ್ದಲ್ಲ. 1930ರ ಜುಲೈ 6ರಂದು ಗೋದಾವರಿ ಸೀಮೆಯ ಶಂಕರಗುಪ್ತದಲ್ಲಿ ಹುಟ್ಟಿದ ಮಗುವಿಗೆ ಇಟ್ಟ ಹೆಸರು ಮುರಳಿಕೃಷ್ಣ. ತಂದೆ ಪಟ್ಟಾಭಿರಾಮಯ್ಯ ಕೊಳಲು ನುಡಿಸುತ್ತಿದ್ದವರು, ಹೆಸರು ಒಪ್ಪುವಂಥದ್ದೇ. ವೀಣೆ ನುಡಿಸುತ್ತಿದ್ದ ತಾಯಿ ಸೂರ್ಯಕಾಂತಮ್ಮ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡರು. ವಿಜಯವಾಡದ ತ್ಯಾಗರಾಜ ಆರಾಧನೆಯಲ್ಲಿ ಹುಡುಗ ಪೂರ್ಣ ಕಛೇರಿ ಮಾಡಿದಾಗ ವಯಸ್ಸು ಎಂಟು ಎನ್ನುತ್ತಾರೆ. ಹರಿಕಥೆಯ ಮುಸುನೂರಿ ಸೂರ್ಯನಾರಾಯಣಮೂರ್ತಿ ಭಾಗವತರು ಹೆಸರಿನ ಹಿಂದೆ ‘ಬಾಲ’ ಸೇರಿಸಿದರು. 2016ರ ನವೆಂಬರ್ 22ರಂದು ಚೆನ್ನೈಯಲ್ಲಿ ಕಣ್ಣು ಮುಚ್ಚಿದಾಗ ಅವರಿಗೆ 86. ಆಗಲೂ ‘ಬಾಲ’ಮುರಳಿಯೇ.

ತ್ಯಾಗರಾಜರಿಂದ ಲೆಕ್ಕ ಹಾಕಿದರೆ ಇವರದು ಐದನೆಯ ತಲೆ. ತ್ಯಾಗರಾಜರ ಶಿಷ್ಯ ಮಾನಂಬುಚಾವಡಿ ವೆಂಕಟಸುಬ್ಬಯ್ಯ, ಅವರ ಶಿಷ್ಯ ಸುಸರ್ಲ ದಕ್ಷಿಣಾಮೂರ್ತಿ ಶಾಸ್ತ್ರಿ, ಅವರ ಶಿಷ್ಯ ವಿಜಯವಾಡದ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು, ಅವರ ಶಿಷ್ಯ ಬಾಲಮುರಳಿ. ಪಂತುಲು ಅವರದೇ ಇನ್ನೊಬ್ಬ ಶಿಷ್ಯ, ಪಿಟೀಲಿನ ಅನ್ನವರಪು ರಾಮಸ್ವಾಮಿ, 2021ರಲ್ಲಿ ಪದ್ಮಶ್ರೀ ಪಡೆದವರು. ಹೊಸ ರಾಗ, ಹೊಸ ತಾಳ ಕಟ್ಟುವ ಗೀಳು ಅವರಿಗೂ ಇತ್ತು. ಆ ಮನೆಯ ನೀರೇ ಹಾಗಿತ್ತೇನೋ!

ಎಪ್ಪತ್ತೆರಡು ಮೇಳಕರ್ತ ರಾಗಗಳಲ್ಲೂ, ಅಂದರೆ ತಾಯಿರಾಗಗಳಲ್ಲೂ, ಒಂದೊಂದು ಕೃತಿ. ಹದಿಹರೆಯದಲ್ಲಿ ಶುರುವಾದ ಈ ಸಾಹಸ 1952ರಲ್ಲಿ ‘ಜನಕರಾಗ ಕೃತಿ ಮಂಜರಿ’ ಎಂಬ ಪುಸ್ತಕವಾಯಿತು. ಮುಂದೆ ‘ರಾಗಾಂಗ ರಾವಳಿ’ ಹೆಸರಿನ ಒಂಬತ್ತು ಸಂಪುಟಗಳಲ್ಲಿ ಧ್ವನಿಮುದ್ರಣವೂ ಆಯಿತು. ಇದರ ಕಷ್ಟ ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. 72ರಲ್ಲಿ 40 ‘ವಿವಾದಿ’ ಮೇಳಗಳು. ಒಂದಕ್ಕೊಂದು ತೀರಾ ಒತ್ತಿಕೊಂಡ ಸ್ವರಗಳು ಕಿವಿಗೆ ಮುಳ್ಳಿನಂತೆ ಚುಚ್ಚುವ ರಾಗಗಳು ಅವು. ಅನೇಕ ವಿದ್ವಾಂಸರು ದೂರದಿಂದಲೇ ಕೈಮುಗಿದು ಹೋಗುತ್ತಿದ್ದ ಆ ಮನೆಗಳ ಬಾಗಿಲನ್ನೂ ಈ ಹುಡುಗ ತಟ್ಟಿದ್ದ. ಅಂದಹಾಗೆ, ಈ 72ರ ಚೌಕಟ್ಟು ಹಾಕಿದ ವೆಂಕಟಮಖಿ ಬರೆದದ್ದು ತಂಜಾವೂರಿನಲ್ಲಿ ಕೂತು. ಅವರ ತಂದೆ, ನಾಯಕ ಅರಸರ ಮಂತ್ರಿ ಗೋವಿಂದ ದೀಕ್ಷಿತರು, ಕನ್ನಡ ಮೂಲದ ಹೊಯ್ಸಳ ಕರ್ನಾಟಕ ಬ್ರಾಹ್ಮಣರು.

ಭರತನಾಟ್ಯ ಕಲಿಯುವ ಮಗಳಿರುವ ಮನೆಯವರು ಬಾಲಮುರಳಿಯನ್ನು ಹೆಸರು ಗೊತ್ತಿಲ್ಲದೆಯೂ ಕೇಳಿರುತ್ತೀರಿ. ಗಂಭೀರನಾಟದ ‘ಅಮ್ಮ ಆನಂದದಾಯಿನಿ’ ವರ್ಣ ಅವರದೇ. ಷಣ್ಮುಖಪ್ರಿಯದ ‘ಓಂಕಾರ ಪ್ರಣವ’ ವರ್ಣವೂ ಅವರದೇ.

ಇನ್ನು ತಿಲ್ಲಾನ. ಕಛೇರಿಯ ಕೊನೆಗೆ, ಕಾಲಿಗೆ ಚಪ್ಪಲಿ ಹುಡುಕುವ ಹೊತ್ತಿಗೆ ಹಾಡುವ ಚಿಕ್ಕ ತುಣುಕು ಎಂಬ ಸ್ಥಾನದಲ್ಲಿದ್ದ ತಿಲ್ಲಾನಕ್ಕಾಗಿಯೇ ಜನ ಕೂತು ಕಾಯುವಂತೆ ಮಾಡಿದವರಲ್ಲಿ ಇವರೊಬ್ಬರು. ಬೃಂದಾವನಿ, ದ್ವಿಜಾವಂತಿ, ಕುಂತಲವರಾಳಿ, ಬೇಹಾಗ್ ಎಲ್ಲದರಲ್ಲೂ ಇವೆ. ಹೊಸಬರು ಕದನಕುತೂಹಲದ ತಿಲ್ಲಾನದಿಂದ ಶುರುಮಾಡಲಿ ಎಂಬುದು ನನ್ನ ಶಿಫಾರಸು. ಕುದುರೆ ಓಟದ ಈ ರಾಗವನ್ನು ಕಟ್ಟಿದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ನಮ್ಮ ಮೈಸೂರು ವಾಸುದೇವಾಚಾರ್ಯರ ಗುರುಗಳು.

ಬಾಲಮುರಳಿ ಪಿಟೀಲು, ವಯೋಲಾ, ವೀಣೆ, ಮೃದಂಗ, ಖಂಜಿರ ಎಲ್ಲವನ್ನೂ ನುಡಿಸಬಲ್ಲವರಾಗಿದ್ದರು. ದೊಡ್ಡವರ ಕಛೇರಿಗಳಿಗೆ ಪಿಟೀಲಿನ ಪಕ್ಕವಾದ್ಯ ಹಿಡಿದು ಕೂತದ್ದೂ ಉಂಟು. ತಿಲ್ಲಾನದ ಜತಿಗಳಲ್ಲಿ ಮೃದಂಗದವನ ಕೈ ಕಾಣುವುದು ಇದಕ್ಕೇ ಇರಬೇಕು.

ವಿಜಯವಾಡದ ಆಕಾಶವಾಣಿ ಆರಂಭವಾದದ್ದು 1948ರಲ್ಲಿ. ಅದರ ಬೆಳಗಿನ ‘ಭಕ್ತಿರಂಜನಿ’ ತೆಲುಗರಿಗೆ ಸುಪ್ರಭಾತದಷ್ಟೇ ಸಹಜವಾದದ್ದು ಬಾಲಮುರಳಿಯವರ ದನಿಯಿಂದ. ಭದ್ರಾಚಲ ರಾಮದಾಸರ, ಅನ್ನಮಾಚಾರ್ಯರ, ಸದಾಶಿವ ಬ್ರಹ್ಮೇಂದ್ರರ ಪದಗಳಿಗೆ ಅವರು ಹಚ್ಚಿದ ಧಾಟಿಗಳೇ ಇಂದು ‘ಮೂಲ ಧಾಟಿ’ ಎನ್ನಿಸಿಬಿಟ್ಟಿವೆ. ಸ್ವರ ಹಾಕಿದವರ ಹೆಸರೇ ಮರೆತುಹೋಗುವಷ್ಟು ಹಾಡು ಜನಕ್ಕೆ ಒಗ್ಗಿತು ಎಂದರೆ ವಾಗ್ಗೇಯಕಾರನಿಗೆ ಅದು ಲಾಭವೋ ನಷ್ಟವೋ! ಅದೇ ಊರಿನ ಸರ್ಕಾರಿ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರೂ ಇವರೇ. ಆ ಕಾಲೇಜಿಗೆ ಈಗ ಘಂಟಸಾಲ ವೆಂಕಟೇಶ್ವರ ರಾವ್ ಅವರ ಹೆಸರಿದೆ.

ಉತ್ತರಕ್ಕೆ, ವಿಶಾಖಪಟ್ಟಣದ ಕಡೆಗೆ ಒಂದು ಸುತ್ತು. ಆಂಧ್ರದ ಪಿಟೀಲಿಗೆ ದೊಡ್ಡ ಹೆಸರು ತಂದ ದ್ವಾರಂ ವೆಂಕಟಸ್ವಾಮಿ ನಾಯ್ಡು ಬೆಳೆದದ್ದು ವಿಶಾಖಪಟ್ಟಣದಲ್ಲಿ. ಹುಟ್ಟಿದ್ದು? 1893ರ ನವೆಂಬರ್ 8, ನಮ್ಮ ಬೆಂಗಳೂರಿನಲ್ಲಿ! ದೃಷ್ಟಿ ಮಂದವಾಗಿದ್ದ ಅವರು 26ನೇ ವಯಸ್ಸಿಗೇ ವಿಜಯನಗರದ ಮಹಾರಾಜರ ಸಂಗೀತ ಕಾಲೇಜಿನಲ್ಲಿ ಪಿಟೀಲಿನ ಅಧ್ಯಾಪಕರಾದರು. (ಇದು ಹಂಪಿಯ ವಿಜಯನಗರವಲ್ಲ, ವಿಶಾಖಪಟ್ಟಣದ ನೆರೆಯ ವಿಜಯನಗರಂ.) 1919ರಲ್ಲಿ ತೆರೆದ ಆ ಕಾಲೇಜಿನ ಮೊದಲ ಪ್ರಾಂಶುಪಾಲರು ಹರಿಕಥಾ ಪಿತಾಮಹ ಆದಿಭಟ್ಲ ನಾರಾಯಣದಾಸರು. ಅವರ ಒಂದು ರಚನೆಯಲ್ಲಿ 90 ರಾಗಗಳು ಬಂದುಹೋಗುತ್ತವೆ. ಕರಾವಳಿಯ ಆ ತುದಿಯಲ್ಲಿ ಒಂದೇ ಹಾಡಿಗೆ ತೊಂಬತ್ತು ರಾಗ, ಈ ತುದಿಯ ವಿಜಯವಾಡದಲ್ಲಿ ಒಂದು ರಾಗಕ್ಕೆ ನಾಲ್ಕೇ ಸ್ವರ. ಆ ಕಥೆ ಸ್ವಲ್ಪ ಮುಂದೆ.

1963ರ ‘ನರ್ತನಶಾಲ’ದಲ್ಲಿ ಬೃಹನ್ನಳೆಯಾದ ಎನ್.ಟಿ. ರಾಮರಾವ್ ಅವರಿಗೆ ‘ಸಲಲಿತ ರಾಗ’ ಹಾಡಿಗೆ ದನಿ ಕೊಟ್ಟವರು ಬಾಲಮುರಳಿ. ಜೊತೆಗಾರ್ತಿ ಬೆಂಗಳೂರು ಲತಾ. ಇಪ್ಪತ್ತು ವರ್ಷ ಕಳೆದು ರಾಮರಾವ್ ಮುಖ್ಯಮಂತ್ರಿಯಾಗಿ ಕಲಾ ಅಕಾಡೆಮಿಗಳನ್ನು ಮುಚ್ಚಿಸಿದಾಗ, ಇವರ ಸರ್ಕಾರ ಇರುವತನಕ ಆಂಧ್ರದಲ್ಲಿ ಹಾಡುವುದಿಲ್ಲ ಎಂದು ಪಟ್ಟು ಹಿಡಿದವರೂ ಇದೇ ಬಾಲಮುರಳಿ. ಆಮೇಲೆ ಇಬ್ಬರಿಗೂ ರಾಜಿಯಾಯಿತೆನ್ನಿ.

1988ರ ಸ್ವಾತಂತ್ರ್ಯ ದಿನ ದೂರದರ್ಶನದಲ್ಲಿ ಬಂದ ‘ಮಿಲೇ ಸುರ್’ ಗೀತೆಯಲ್ಲಿ ಅವರು ಹಾಡಿದ್ದು ಯಾವ ಭಾಷೆಯ ಸಾಲು? ತೆಲುಗು ಅಲ್ಲ, ತಮಿಳು.

ಭೀಮಸೇನ ಜೋಶಿ ಮತ್ತು ಬಾಲಮುರಳಿ ಜುಗಲ್‌ಬಂದಿ ಹಾಡಿದ್ದು ಬಹಳ ಜನಕ್ಕೆ ಗೊತ್ತು. ಇಬ್ಬರೂ ಒಂದೇ ಕನ್ನಡ ಚಿತ್ರಕ್ಕೆ ಹಾಡಿದ್ದಾರೆಂಬುದು? ಅ.ನ.ಕೃ. ಕಾದಂಬರಿ ಆಧರಿಸಿದ, ರಾಜ್‌ಕುಮಾರ್ ನಟಿಸಿದ ‘ಸಂಧ್ಯಾರಾಗ’, 1966.

ಈಗ ಆ ನಾಲ್ಕು ಸ್ವರ. ರಾಗ ಅನ್ನಿಸಿಕೊಳ್ಳಲು ಕನಿಷ್ಠ ಐದು ಸ್ವರ ಬೇಕು ಎಂಬುದು ಹಳೆಯ ಕಟ್ಟಳೆ. ಏರುವಾಗ ನಾಲ್ಕೇ ಇರುವ ರಾಗಗಳು ತ್ಯಾಗರಾಜರಲ್ಲೂ ಇವೆ. ಹೆಸರಿನಲ್ಲೇ ನಮ್ಮನ್ನು ಹೊತ್ತ ನವರಸಕನ್ನಡವೇ ಹಾಗೆ ಏರುತ್ತದೆ: ಸ ಗ ಮ ಪ. ಆದರೆ ಇಳಿಯುವಾಗ ಅದು ಲೆಕ್ಕ ಸರಿದೂಗಿಸುತ್ತದೆ. ಬಾಲಮುರಳಿ ಆ ಲೆಕ್ಕವನ್ನೂ ಬಿಟ್ಟರು. ಲವಂಗಿಯಲ್ಲಿ ಏರಲೂ ಇಳಿಯಲೂ ಸ ರಿ ಮ ದ, ಪಂಚಮವೇ ಇಲ್ಲ. ಸುಮುಖದಲ್ಲೂ ನಾಲ್ಕೇ ಸ್ವರ. ಸರ್ವಶ್ರೀಯಲ್ಲಿ ಮೂರೇ: ಸ ಮ ಪ. ಅಷ್ಟರಲ್ಲೇ ಕೃತಿ ನಿಲ್ಲಬೇಕು!

ಎಲ್ಲಕ್ಕಿಂತ ಹೆಸರಾದದ್ದು ಮಹತಿ. ಸ, ಅಂತರ ಗಾಂಧಾರ, ಪ, ಕೈಶಿಕಿ ನಿಷಾದ. ಇದಕ್ಕೆ ತಾಯಿರಾಗ ಯಾವುದು? ಹರಿಕಾಂಭೋಜಿ ಎನ್ನಬಹುದು, ಚಕ್ರವಾಕ ಎಂದರೂ ತಪ್ಪಿಲ್ಲ, ವಾಚಸ್ಪತಿ ಎಂದರೂ ತಪ್ಪಿಲ್ಲ. ಗುರುತು ಹೇಳಬೇಕಾದ ರಿಷಭ, ಮಧ್ಯಮ, ಧೈವತ ಮೂರೂ ಗೈರುಹಾಜರು. ವೀಣೆಯ ಎಸ್. ಬಾಲಚಂದರ್ ‘ಇವನ್ನು ರಾಗ ಎನ್ನುವುದು ಹೇಗೆ, ಇವು ನಿಮ್ಮ ಸೃಷ್ಟಿ ಎನ್ನುವುದು ಹೇಗೆ’ ಎಂದು ಬಹಿರಂಗವಾಗಿ ಜಗಳ ತೆಗೆದರು. ನಾಲ್ಕು ಸ್ವರದಲ್ಲಿ ತೋಡಿಯಂತೆ ಗಂಟೆಗಟ್ಟಲೆ ಆಲಾಪನೆ ಬೆಳೆಸಲಾಗದು ಎಂಬ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮಹತಿಯ ‘ಮಹನೀಯ ಮಧುರಮೂರ್ತೇ’ ಕೇಳುವಾಗ ಏನೋ ಕಡಿಮೆಯಾಯಿತು ಅನ್ನಿಸಿದರೆ ಹೇಳಿ! ತಮಾಷೆ ಎಂದರೆ, ಒಬ್ಬ ಬಾಲಚಂದರ್ ಒಪ್ಪದ ಈ ರಾಗವನ್ನು ತಮಿಳುನಾಡಿನ ಮನೆಮನೆಗೆ ಮುಟ್ಟಿಸಿದ್ದು ಇನ್ನೊಬ್ಬ ಬಾಲಚಂದರ್ ನಿರ್ದೇಶಿಸಿದ ‘ಅಪೂರ್ವ ರಾಗಂಗಳ್’. ಅದೂ ‘ಹಂಸಗೀತೆ’ಯ ವರ್ಷವೇ, 1975. ಎಂ.ಎಸ್. ವಿಶ್ವನಾಥನ್ ಸಂಗೀತ, ಯೇಸುದಾಸ್ ಕಂಠ.

ಮಹತಿ ಎಂಬುದು ನಾರದರ ವೀಣೆಯ ಹೆಸರು. 1967ರ ತೆಲುಗು ‘ಭಕ್ತ ಪ್ರಹ್ಲಾದ’ದಲ್ಲಿ ನಾರದನ ವೇಷ ಹಾಕಿ ತೆರೆಗೆ ಬಂದವರು ಇದೇ ಬಾಲಮುರಳಿ.

ಮನೆಯಲ್ಲಿ ಗಿಟಾರ್ ಕಲಿಯುವ ಹುಡುಗರಿದ್ದರೆ ಒಂದು ಕೆಲಸ ಹೇಳಿ. ‘ಸಿ ಸೆವೆಂತ್’ ಕಾರ್ಡಿನ ನಾಲ್ಕು ಸ್ವರಗಳನ್ನು ಒಟ್ಟಿಗೆ ಬಾರಿಸದೆ, ಏರುವ ಕ್ರಮದಲ್ಲಿ ಒಂದೊಂದಾಗಿ ಮೀಟಲಿ. ಸಿ ಷಡ್ಜವಾದರೆ ಕೇಳಿಸುವುದು ಮಹತಿಯ ಆರೋಹಣ.