ಮಾಳಿಗೆಯ ಮಳೆನೀರು: ನಮ್ಮ ಪಟ್ಟಣಗಳಿಗೊಂದು ಹೊಸ ಕಾಯಕ

ಯಾದಗಿರಿಯ ಕೋಟೆಬೆಟ್ಟವನ್ನು ಏರಿದವರು ಮೇಲಿರುವ ನೀರಿನ ಹೊಂಡಗಳನ್ನು ಕಂಡಿರುತ್ತಾರೆ. ನದಿಯ ನೀರನ್ನು ಅಷ್ಟೆತ್ತರಕ್ಕೆ ಒಯ್ಯಲಾಗದ ಕಾಲದಲ್ಲಿ ಅಲ್ಲಿದ್ದವರಿಗೆ ಮಳೆಯೇ ಆಸರೆಯಾಗಿತ್ತು.

ಇಂದು ಕೃಷ್ಣೆ, ಭೀಮೆಯರಿಬ್ಬರೂ ಹರಿಯುವ ಈ ಜಿಲ್ಲೆಯಲ್ಲಿ ಕುಡಿಯುವ ನೀರಿನ ಚಿಂತೆ ತೀರಿಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿತು. ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಇವು ಕುದಿಸಿದರೆ ಹೋಗುವ ದೋಷಗಳಲ್ಲ. ನೆಲ ಮುಟ್ಟುವ ಮೊದಲೇ ಹಿಡಿದಿಟ್ಟ ಮಳೆನೀರಿಗೆ ಇವುಗಳ ಭಯವಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ತರುಣರಿಗೆ ಒಂದು ಉದ್ಯೋಗ ಇಲ್ಲಿಯೇ ಅಡಗಿದೆ.

ಲೆಕ್ಕ ಸರಳವಾದುದು. 100 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಸುರಿದರೆ 60,000 ಲೀಟರ್ ನೀರಾಗುತ್ತದೆ. ಐದರಲ್ಲೊಂದು ಪಾಲು ಆವಿಯಾಗಿ, ಸೋರಿ ಹೋದರೂ 48,000 ಲೀಟರ್ ಉಳಿಯುತ್ತದೆ. ಐವರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕೆಂದರೆ, ನವೆಂಬರಿನಿಂದ ಮೇ ತಿಂಗಳವರೆಗಿನ ಒಣಗಾಲವನ್ನು 6,000 ಲೀಟರಿನ ಒಂದು ತೊಟ್ಟಿ ದಾಟಿಸುತ್ತದೆ. ಆದರೆ ಮಣ್ಣು ಹಾಸಿದ ಹಳೆಯ ಮಾಳಿಗೆಯ ನೀರು ಕುಡಿಯಲು ಬಾರದು. ಅಂಥ ಮನೆಯವರಿಗೆ ಅದನ್ನು ಮೊದಲೇ ಹೇಳಿಬಿಡುವುದು ಧರ್ಮ.

ಬೆಂಗಳೂರಿನಲ್ಲಿ 2009ರಿಂದ 2,400 ಚದರ ಅಡಿ ಹಾಗೂ ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಕೊಳವೆಬಾವಿಗಳು ಬಂದ ಮೇಲೆ ಕೆಲಸ ಕಡಿಮೆಯಾಗಿದ್ದ ಮಣ್ಣು ವಡ್ಡರ ಸಮುದಾಯದ ಬಾವಿ ತೋಡುವವರಿಗೆ ಇಂಗುಬಾವಿಗಳಿಂದ ಮತ್ತೆ ಕೆಲಸ ದೊರೆಯಿತು. ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನವೂ ಅಲ್ಲಿ ನಡೆದಿದೆ. ನಮ್ಮಲ್ಲಿಯೂ ಬಾವಿ ತೋಡಬಲ್ಲ ಕೈಗಳಿವೆ. ಉದ್ಯಮ ಆರಂಭಿಸುವವರು ಅವರನ್ನು ಕೂಲಿಯವರೆಂದಲ್ಲ, ಪಾಲುದಾರರೆಂದು ಕಾಣುವುದು ಒಳಿತು.

ಬಂಡವಾಳಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವಿದೆ. ಅದರ ನಿಯಮದಂತೆ ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆ ಹಾಕಬಹುದು. ನಗರಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 15, ಮಹಿಳೆಯರು ಮೊದಲಾದ ವಿಶೇಷ ವರ್ಗದವರಿಗೆ ಶೇ. 25 ಸಹಾಯಧನ. ಆದರೂ ಮೊದಲ ವರ್ಷ ದೊಡ್ಡ ಸಾಲಕ್ಕೆ ಕೈಹಾಕದಿರುವುದೇ ಲೇಸೆಂದು ನಮಗೆ ತೋರುತ್ತದೆ. ಹತ್ತು ಮನೆಗಳನ್ನು ಚೆನ್ನಾಗಿ ಮಾಡಿದರೆ ಹನ್ನೊಂದನೆಯವರು ತಾವಾಗಿ ಕರೆಯುತ್ತಾರೆ.

ಈ ಉದ್ಯಮ ಸೋಲುವುದು ಹೆಚ್ಚಾಗಿ ಜೋಡಣೆಯಲ್ಲಲ್ಲ, ಆಮೇಲಿನ ಅಲಕ್ಷ್ಯದಲ್ಲಿ. ಪೈಪು ಕೂಡಿಸಿ ಹಣ ಪಡೆದು ಹೋದವರು ಮರಳಿ ಬಾರದಿದ್ದರೆ ಎರಡನೆಯ ಮಳೆಗಾಲದ ಹೊತ್ತಿಗೆ ಶೋಧಕ ಕಟ್ಟಿಕೊಳ್ಳುತ್ತದೆ, ತೊಟ್ಟಿಯಲ್ಲಿ ಹುಳುಗಳಾಗುತ್ತವೆ, ಮನೆಯವರು ಪೈಪನ್ನು ಚರಂಡಿಗೆ ತಿರುಗಿಸುತ್ತಾರೆ. ಚರಂಡಿಯ ಪಕ್ಕದಲ್ಲಿ ಇಂಗುಗುಂಡಿ ತೋಡಿದರಂತೂ ನೆರೆಯವರ ಬಾವಿಯೂ ಕೆಡುತ್ತದೆ. ಆದ್ದರಿಂದ ಜೋಡಣೆಯ ದರದೊಂದಿಗೆ ವಾರ್ಷಿಕ ನಿರ್ವಹಣೆಯ ಒಪ್ಪಂದವನ್ನೂ ಮಾಡಿಕೊಳ್ಳಬೇಕು. ನಿಲ್ಲುವ ಆದಾಯ ಅದೇ. ರೋಹಿಣಿ ಮಳೆಗೆ ಮುನ್ನ ಪ್ರತಿ ಮನೆಗೂ ಹೋಗಿ ಮಾಳಿಗೆ ಗುಡಿಸಿ, ಶೋಧಕದ ಮರಳು, ಜಲ್ಲಿ, ಇದ್ದಿಲುಗಳನ್ನು ತೊಳೆದು ಅಥವಾ ಬದಲಿಸಿ, ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ತಿರುಪು ಸರಿಯಾಗಿ ತೆರೆಯುವುದೋ ಎಂದು ನೋಡಿ ಬರಬೇಕು.