ಒಂದು ಅಂಕದ ಕಿರೀಟ

ಪಂದ್ಯದಲ್ಲಿ ಗೆದ್ದವನಾರೆಂದು ಹೇಳಲು ನೋಡುವ ಕಣ್ಣಿದ್ದರೆ ಸಾಕು. ಶ್ರೇಷ್ಠನಾರೆಂದು ಹೇಳಲು ಅಳತೆಗೋಲೊಂದು ಬೇಕು. ಒಂದು ದಿನದ ಗೆಲುವಿನಲ್ಲಿ ಸಾಮರ್ಥ್ಯದ ಪಾಲೆಷ್ಟು, ದೈವದ ಪಾಲೆಷ್ಟು ಎಂದು ಬಿಡಿಸಿ ತೋರಿಸುವುದು ಸುಲಭವಲ್ಲ. ಮೋಟಾರ್ ಸೈಕಲ್ ಪಂದ್ಯಗಳ ಲೋಕ ಈ ತೊಡಕಿಗೆ ಪರಿಹಾರವೊಂದನ್ನು ಹುಡುಕಿದ್ದು 1949ರಲ್ಲಿ. ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟವು ಆ ವರ್ಷ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ನಡೆಸಿತು. ಕಾರುಗಳಿಗೆ ಇಂಥದೊಂದು ವಿಶ್ವಸ್ಪರ್ಧೆ ಏರ್ಪಟ್ಟದ್ದು ಮರುವರ್ಷ, 1950ರಲ್ಲಿ. ಈ ಒಂದು ವಿಷಯದಲ್ಲಿ ಎರಡು ಚಕ್ರಗಳು ನಾಲ್ಕು ಚಕ್ರಗಳನ್ನು ಹಿಂದೆ ಹಾಕಿದವೆನ್ನಬಹುದು.

ಹೆಸರು ವಿಶ್ವದ್ದಾದರೂ ಹರಹು ಯೂರೋಪಿನದೇ. ಬ್ರಿಟನ್ನಿನ ಬಳಿಯ ಐಲ್ ಆಫ್ ಮ್ಯಾನ್ ದ್ವೀಪ, ಸ್ವಿಟ್ಜರ್ಲೆಂಡಿನ ಬರ್ನ್, ಹಾಲೆಂಡಿನ ಆಸೆನ್, ಬೆಲ್ಜಿಯಮ್ಮಿನ ಸ್ಪಾ, ಉತ್ತರ ಐರ್ಲೆಂಡಿನ ಅಲ್ಸ್ಟರ್, ಇಟಲಿಯ ಮೊಂಜಾ: ಈ ಆರು ಎಡೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯಗಳು ನಡೆದವು. ಯುದ್ಧ ಮುಗಿದು ನಾಲ್ಕೇ ವರ್ಷವಾಗಿತ್ತು. ಜರ್ಮನಿಗೆ ಆ ಕೂಟದಲ್ಲಿ ಇನ್ನೂ ಸ್ಥಾನವಿರಲಿಲ್ಲ. ಎಂಜಿನ್ನಿನ ಗಾತ್ರಕ್ಕನುಸಾರವಾಗಿ 500, 350, 250, 125 ಸಿ.ಸಿ. ಎಂಬ ನಾಲ್ಕು ವರ್ಗಗಳು, ಜೊತೆಗೆ ಸೈಡ್‌ಕಾರ್ ವರ್ಗ. ಮೊದಲ ಐದು ಸ್ಥಾನಗಳಿಗೆ ಕ್ರಮವಾಗಿ 10, 8, 7, 6, 5 ಅಂಕಗಳು; ಅತಿ ವೇಗದ ಸುತ್ತಿಗೆ ಬೇರೊಂದು ಅಂಕ. ದೊಡ್ಡ ವರ್ಗದ ಆರು ಪಂದ್ಯಗಳಲ್ಲಿ ಸವಾರನ ಉತ್ತಮ ಮೂರು ಫಲಗಳನ್ನು ಮಾತ್ರ ಎಣಿಸಬೇಕೆಂಬುದು ನಿಯಮ. ಈ ಕೊನೆಯ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಗಂಟು ಇರುವುದು ಅಲ್ಲಿಯೇ.

ಸವಾರರಂತೆ ಯಂತ್ರಗಳೂ ಯುದ್ಧದ ಗುರುತನ್ನು ಹೊತ್ತು ಬಂದಿದ್ದವು. ಗಾಳಿಯನ್ನೂ ಇಂಧನವನ್ನೂ ಎಂಜಿನ್ನಿನೊಳಕ್ಕೆ ಒತ್ತಿ ತುಂಬುವ ಸೂಪರ್‌ಚಾರ್ಜರ್ ಎಂಬ ಸಾಧನ ಯುದ್ಧಪೂರ್ವದಲ್ಲಿ ಅಜೇಯವೆನಿಸಿತ್ತು. 1939ರಲ್ಲಿ ಜರ್ಮನ್ ಸವಾರ ಗಿಯೋರ್ಗ್ ಮೈಯರ್ ಐಲ್ ಆಫ್ ಮ್ಯಾನ್‌ನ ಮುಖ್ಯ ಪಂದ್ಯವನ್ನು ಗೆದ್ದದ್ದು ಅಂಥ ಬಿ.ಎಂ.ಡಬ್ಲ್ಯು. ವಾಹನದ ಮೇಲೆ. ಬ್ರಿಟನ್ನಿನ ಎ.ಜೆ.ಎಸ್. ಸಂಸ್ಥೆಯೂ ಈ ಸಾಧನವನ್ನೇ ನೆಚ್ಚಿ, ಸಿಲಿಂಡರುಗಳೆರಡನ್ನೂ ಅಡ್ಡ ಮಲಗಿಸಿ, ಹೊಸ ಯಂತ್ರವೊಂದನ್ನು ರೂಪಿಸಿತು. ಅದು ರಸ್ತೆಗಿಳಿಯುವ ವೇಳೆಗೆ ಒಕ್ಕೂಟವು ಸೂಪರ್‌ಚಾರ್ಜರನ್ನೇ ನಿಷೇಧಿಸಿಬಿಟ್ಟಿತು. ಒತ್ತಿ ತುಂಬಿದ ಉಸಿರಿಗಾಗಿ ಕಟ್ಟಿದ ಒಡಲು ಈಗ ತನ್ನ ಸ್ವಂತ ಉಸಿರಿನಿಂದಲೇ ಓಡಬೇಕಾಯಿತು. ಸಿಲಿಂಡರಿನ ತಲೆಯ ಮೇಲೆ ಮುಳ್ಳುಮುಳ್ಳಾಗಿ ಎದ್ದಿದ್ದ ಲೋಹದ ಕಡ್ಡಿಗಳಿಂದಾಗಿ ಜನ ಅದನ್ನು 'ಮುಳ್ಳುಹಂದಿ' ಎಂದು ಕರೆದರು. ಅದಕ್ಕೆ ಎದುರಾಗಿ ನಿಂತದ್ದು ನಾಲ್ಕು ಸಿಲಿಂಡರುಗಳ ಇಟಲಿಯ ಗಿಲೆರಾ.

ಮುಳ್ಳುಹಂದಿಯ ಸವಾರ ಲೆಸ್ ಗ್ರಹಾಂ ಯುದ್ಧಕಾಲದಲ್ಲಿ ಲ್ಯಾಂಕಾಸ್ಟರ್ ಬಾಂಬರ್ ವಿಮಾನವನ್ನು ನಡೆಸಿ ಶೌರ್ಯಪದಕ ಪಡೆದವನು. ಋತುವಿನ ಮೊದಲ ಪಂದ್ಯ ಐಲ್ ಆಫ್ ಮ್ಯಾನ್‌ನಲ್ಲಿ. ಊರು, ಹೊಲ, ಬೆಟ್ಟಗಳ ನಡುವೆ ಸಾಗುವ ಅಲ್ಲಿನ ಸಾಮಾನ್ಯ ರಸ್ತೆಯಲ್ಲಿ ಒಂದು ಸುತ್ತಿಗೆ ಸುಮಾರು 38 ಮೈಲಿ. ಅಂಥವು ಏಳು ಸುತ್ತು. ಗ್ರಹಾಂ ಎಲ್ಲರಿಗಿಂತ ಮುಂದಿದ್ದ. ಗುರಿ ಇನ್ನು ಕೆಲವೇ ನಿಮಿಷಗಳ ದಾರಿ ಎನ್ನುವಾಗ, ಎಂಜಿನ್ನಿಗೆ ಕಿಡಿಯೊದಗಿಸುವ ಮ್ಯಾಗ್ನೆಟೊ ಮುರಿಯಿತು, ಯಂತ್ರ ಮೌನವಾಯಿತು. ಅವನು ಇಳಿದು, ಆ ಭಾರವನ್ನು ಕೈಯಿಂದ ತಳ್ಳಿಕೊಂಡೇ ಗುರಿಯನ್ನು ಮುಟ್ಟಿದ. ಅಷ್ಟರಲ್ಲಿ ನಾರ್ಟನ್ ಏರಿದ್ದ ಹೆರಾಲ್ಡ್ ಡೇನಿಯಲ್ ಗೆದ್ದಾಗಿತ್ತು. ಗ್ರಹಾಮನಿಗೆ ದೊರೆತದ್ದು ಹತ್ತನೆಯ ಸ್ಥಾನ. ಹತ್ತನೆಯವನಿಗೆ ಅಂಕವಿಲ್ಲ.

ಹಳೆಯ ಪದ್ಧತಿಯಾಗಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ಬಾರಿ ದಾರಿ ಇನ್ನೂ ಉಳಿದಿತ್ತು. ಬರ್ನ್‌ನಲ್ಲಿ ಅವನು ಗೆದ್ದ. ಆಸೆನ್‌ನಲ್ಲಿ ಗಿಲೆರಾದ ನೆಲ್ಲೊ ಪಗಾನಿ ಮೊದಲಿಗ, ಗ್ರಹಾಂ ಎರಡನೆಯವ. ಸ್ಪಾದಲ್ಲಿ ಎ.ಜೆ.ಎಸ್.ನ ಇನ್ನೊಬ್ಬ ಸವಾರ ಬಿಲ್ ಡೋರನ್‌ಗೆ ಜಯ. ಅಲ್ಸ್ಟರ್‌ನಲ್ಲಿ ಮತ್ತೆ ಗ್ರಹಾಂ. ಕೊನೆಗೆ ಮೊಂಜಾದಲ್ಲಿ, ತನ್ನ ನಾಡಿನ ಜನರೆದುರು, ಪಗಾನಿ ಗೆದ್ದ. ಗ್ರಹಾಮನಿಗೆ ಓಟವನ್ನು ಪೂರೈಸಲಾಗಲಿಲ್ಲ. ಲೆಕ್ಕ ಹಾಕಿದಾಗ ಗ್ರಹಾಮನಿಗೆ 30, ಪಗಾನಿಗೆ 29.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಪಗಾನಿ ಆ ಋತುವಿನಲ್ಲಿ ಒಟ್ಟು ಗಳಿಸಿದ್ದು 40 ಅಂಕ. ಗ್ರಹಾಂ ಗಳಿಸಿದ್ದು 31. ಎಲ್ಲವನ್ನೂ ಕೂಡಿಸಿದ್ದರೆ ಕಿರೀಟ ಇಟಲಿಗೆ ಹೋಗುತ್ತಿತ್ತು. ಬರ್ನ್‌ನಲ್ಲಿ ನಾಲ್ಕನೆಯವನಾಗಿ, ಸ್ಪಾದಲ್ಲಿ ಐದನೆಯವನಾಗಿ ಪಗಾನಿ ಕೂಡಿಟ್ಟ 11 ಅಂಕಗಳು ನಿಯಮದ ಪ್ರಕಾರ ಲೆಕ್ಕಕ್ಕೆ ಬರಲಿಲ್ಲ. ಇದನ್ನು ಅನ್ಯಾಯವೆನ್ನೋಣವೇ? ಸ್ಥಿರವಾಗಿ ದುಡಿದವನು ದೊಡ್ಡವನೋ, ಮುರಿದ ಯಂತ್ರದ ನಷ್ಟವನ್ನು ಹೊತ್ತೂ ಶಿಖರವನ್ನೇರಿದವನು ದೊಡ್ಡವನೋ? ಅದು ಅಂಕಗಣಿತದ ಪ್ರಶ್ನೆಯಲ್ಲ, ಮೌಲ್ಯದ ಪ್ರಶ್ನೆ. ನಿಯಮ ಬರೆದವರು ಎರಡನೆಯವನ ಪಕ್ಷ ವಹಿಸಿದರು. ನಿಯಮ ಮೊದಲೇ ಎಲ್ಲರಿಗೂ ತಿಳಿದಿತ್ತೆಂಬುದೇ ಅದರ ನ್ಯಾಯ. ಪಗಾನಿಯೂ ಬರಿಗೈಯಲ್ಲಿ ಮರಳಲಿಲ್ಲ: ಮೊಂಡಿಯಾಲ್ ವಾಹನದ ಮೇಲೆ 125 ಸಿ.ಸಿ. ವರ್ಗದ ಮೊದಲ ಚಾಂಪಿಯನ್ ಆದವನು ಅವನೇ.

ಉಳಿದ ವರ್ಗಗಳಲ್ಲಿ ಇಂಥ ಜಿಜ್ಞಾಸೆಗೆ ಎಡೆಯಿರಲಿಲ್ಲ. 350 ಸಿ.ಸಿ.ಯಲ್ಲಿ 40 ವರ್ಷದ ಫ್ರೆಡ್ಡಿ ಫ್ರಿತ್ ವೆಲೊಸೆಟ್ ಏರಿ ಐದಕ್ಕೆ ಐದು ಪಂದ್ಯಗಳನ್ನೂ ಗೆದ್ದು, ಆ ವರ್ಷವೇ ನಿವೃತ್ತನಾದ. 250 ಸಿ.ಸಿ.ಯಲ್ಲಿ ಮೊಟೊ ಗುಜ್ಜಿಯ ಬ್ರೂನೊ ರುಫೊ ಗೆದ್ದ. ಸೈಡ್‌ಕಾರ್‌ನಲ್ಲಿ ನಾರ್ಟನ್‌ನ ಎರಿಕ್ ಆಲಿವರ್. ತಿರುವುಗಳಲ್ಲಿ ಮೈಯನ್ನು ಹೊರಚಾಚಿ ಆಲಿವರ್‌ನ ವಾಹನದ ಸಮತೋಲವನ್ನು ಕಾಯುತ್ತಿದ್ದ ಡೆನಿಸ್ ಜೆಂಕಿನ್ಸನ್ ಮುಂದೆ ಮೋಟಾರು ಪಂದ್ಯಗಳ ಲೇಖಕನಾಗಿ ಖ್ಯಾತನಾದ.

ಈ ಎಣಿಕೆಯ ಪುಸ್ತಕಕ್ಕೆ ಇನ್ನೊಂದು ಪುಟವೂ ಉಂಟು. ಐಲ್ ಆಫ್ ಮ್ಯಾನ್‌ನಲ್ಲಿ ನಡೆದ 350 ಸಿ.ಸಿ. ಪಂದ್ಯದಲ್ಲಿ, ಎಂದರೆ ಚಾಂಪಿಯನ್‌ಷಿಪ್ಪಿನ ಮೊದಲ ದಿನವೇ, ಬೆನ್ ಡ್ರಿಂಕ್‌ವಾಟರ್ ಎಂಬ ಸವಾರ ಪ್ರಾಣ ತೆತ್ತ. ಹನ್ನೊಂದನೆಯ ಮೈಲಿಯ ಬಳಿಯ ಆ ತಿರುವಿಗೆ ಅವನ ಹೆಸರೇ ನಿಂತಿದೆ. ಗ್ರಹಾಂ ಆ ದ್ವೀಪದಲ್ಲಿ ಮೊದಲ ಬಾರಿ ಗೆಲುವು ಕಂಡದ್ದು 1953ರಲ್ಲಿ, 125 ಸಿ.ಸಿ. ಪಂದ್ಯದಲ್ಲಿ. ಅದೇ ವಾರ, ಅದೇ ದ್ವೀಪದ ಮುಖ್ಯ ಪಂದ್ಯದಲ್ಲಿ, ಬ್ರೇ ಹಿಲ್ ಇಳಿಜಾರಿನಲ್ಲಿ ಅವನು ಬಿದ್ದು ಮಡಿದ. ಆ ರಸ್ತೆ ಅತಿ ಅಪಾಯಕರವೆಂದು ಸವಾರರು ಪ್ರತಿಭಟಿಸಿದ ಮೇಲೆ, 1976ರ ನಂತರ ಆ ಪಂದ್ಯ ವಿಶ್ವ ಚಾಂಪಿಯನ್‌ಷಿಪ್ಪಿನಿಂದ ಹೊರಗುಳಿಯಿತು.

ಇಂದು ಮೋಟೊಜಿಪಿ ಎಂಬ ಹೆಸರಿನಿಂದ ಹಲವು ಖಂಡಗಳಲ್ಲಿ ನಡೆಯುವ ವೈಭವದ ಸ್ಪರ್ಧೆಗೆ ಆ ಆರು ಪಂದ್ಯಗಳೇ ಬೇರು. ಅಂಕಗಳ ಲೆಕ್ಕ ಅನೇಕ ಬಾರಿ ಬದಲಾಗಿದೆ. ಯಾವ ಅಳತೆಗೋಲೂ ಪೂರ್ಣವಲ್ಲವೆಂಬುದಕ್ಕೆ ಅದೇ ಸಾಕ್ಷಿ. ಆದರೂ ಋತುವೊಂದರ ಲೆಕ್ಕ ಮನುಷ್ಯನಿಗೆ ಒಂದು ಉಪಕಾರ ಮಾಡುತ್ತದೆ. ಜೂನ್ ತಿಂಗಳಲ್ಲಿ ಸತ್ತ ಯಂತ್ರವನ್ನು ತಳ್ಳಿಕೊಂಡು ನಡೆದವನಿಗೂ ಜುಲೈ ಒಂದಿದೆ, ಆಗಸ್ಟ್ ಒಂದಿದೆ ಎಂದು ಅದು ಹೇಳುತ್ತದೆ.